ಕಲಾಮಂಡಲವು ಕಲಿಸುವ ಪಾಠ

ಮಲಯಾಳದ ಮಹಾಕವಿ ವಳ್ಳತ್ತೋಳ್ ನಾರಾಯಣ ಮೇನೋನರು (1878–1958) ನಡುಹರೆಯದ ಮೊದಲೇ ಶ್ರವಣಶಕ್ತಿಯನ್ನು ಕಳೆದುಕೊಂಡರು. ಆ ದುಃಖವನ್ನೇ ವಸ್ತುವಾಗಿಸಿ ‘ಬಧಿರವಿಲಾಪಂ’ ಎಂಬ ಕಾವ್ಯವನ್ನು ರಚಿಸಿದರು. ಚೆಂಡೆ ಮದ್ದಳೆಗಳ ನಾದ ಕಿವಿಗೆ ಬೀಳದ ಈ ಕವಿಯೇ ಮುಂದೆ ಕಥಕಳಿಗೊಂದು ಶಾಲೆಯನ್ನು ಕಟ್ಟಿದರು. ಆ ಶಾಲೆಯ ಚರಿತ್ರೆಯಲ್ಲಿ ಗಡಿನಾಡಿನ ಅಧ್ಯಾಪಕರಾದ ನಮಗೆ ಒಂದು ಪಾಠವಿದೆ.

ಹಿಂದೆ ಕಥಕಳಿಯ ಮೇಳಗಳು ಅರಸುಮನೆತನಗಳ ಮತ್ತು ನಂಬೂದಿರಿ ಮನೆಗಳ ಆಶ್ರಯದಲ್ಲಿ ಬಾಳುತ್ತಿದ್ದುವು. ಆ ಆಶ್ರಯವು ಕ್ಷೀಣಿಸಿದಾಗ ಕಲಾವಿದರು ಅನಾಥರಾದರು. ವಳ್ಳತ್ತೋಳರು ಮಣಕ್ಕುಳಂ ಮುಕುಂದರಾಜರೊಡಗೂಡಿ ಊರೂರು ಸುತ್ತಿದರು. ಲಾಟರಿ ಚೀಟಿಗಳನ್ನು ಮಾರಿ ಹಣ ಕೂಡಿಸಿದರು. ಒಬ್ಬ ದಾತನ ಕೈಯಿಂದ ಬರುತ್ತಿದ್ದುದನ್ನು ಸಾವಿರಾರು ಜನರ ಕೈಯಿಂದ ಪಡೆದುದೇ ಇಲ್ಲಿಯ ವಿಶೇಷ. 1930ರಲ್ಲಿ ಕುನ್ನಂಕುಳದಲ್ಲಿ ಕಲಾಮಂಡಲವು ಆರಂಭವಾಯಿತು. ಅನಂತರ ಅದು ಭಾರತಪ್ಪುಳ ನದಿಯ ದಡದ ಚೆರುತುರುತ್ತಿಯಲ್ಲಿ ನೆಲೆಯೂರಿತು. 1941ರಲ್ಲಿ ಕೊಚ್ಚಿ ಸಂಸ್ಥಾನದ ಸರಕಾರವು ಅದರ ಹೊಣೆಯನ್ನು ವಹಿಸಿಕೊಂಡಿತು.

ಹಣದಿಂದ ಕಟ್ಟಡವಾದೀತು, ವಿದ್ಯೆಯಾಗದು. ವಿದ್ಯೆಯನ್ನು ನಿಲ್ಲಿಸಿದವರು ಗುರುಗಳು. ಅವರಲ್ಲಿ ಪಟ್ಟಿಕ್ಕಾಂತೊಡಿ ರಾವುಣ್ಣಿ ಮೇನೋನರ ಹೆಸರು ಚಿರಸ್ಮರಣೀಯವಾದುದು. ಕಲ್ಲುವಳಿ ಸಂಪ್ರದಾಯದಲ್ಲಿ ಪಳಗಿದ ಅವರು ಕಲಾಮಂಡಲದ ಶಿಕ್ಷಣಕ್ರಮಕ್ಕೆ ಬಿಗಿಯಾದ ಚೌಕಟ್ಟನ್ನು ಹಾಕಿಕೊಟ್ಟರು. ಬೆಳಗು ಹರಿಯುವ ಮೊದಲೇ ಕಣ್ಣಿನ ಸಾಧನೆ. ಮಳೆಗಾಲದಲ್ಲಿ ಮೈಗೆ ಎಣ್ಣೆ ಹಚ್ಚಿ ಕಾಲಿನಿಂದ ತಿಕ್ಕುವ ಉಳಿಚ್ಚಿಲ್. ‘ಹಸ್ತಲಕ್ಷಣದೀಪಿಕೆ’ ಹೇಳುವ 24 ಮುದ್ರೆಗಳ ಅಭ್ಯಾಸ. ಬಳಿಕ ಪದಕ್ಕೆ ತಕ್ಕ ಅಭಿನಯ. ಮೊದಲು ಶರೀರ, ಆಮೇಲೆ ಅಕ್ಷರ, ಕೊನೆಗೆ ಅರ್ಥ. ಈ ಕ್ರಮವನ್ನು ದಾಟಿ ವೇಷ ಕಟ್ಟುವ ಹಾಗಿರಲಿಲ್ಲ. ವಾಳೇಂಗಡ ಕುಂಜು ನಾಯರ್, ಕೃಷ್ಣನ್ ನಾಯರ್, ರಾಮನ್‌ಕುಟ್ಟಿ ನಾಯರ್ ಮೊದಲಾದವರು ಈ ಗರಡಿಯಿಂದ ಬಂದವರು. ಗುರುಗಳ ಮಗ ಪದ್ಮನಾಭನ್ ನಾಯರರು ತಂದೆಯ ಪಾಠಕ್ರಮವನ್ನು ಗ್ರಂಥರೂಪಕ್ಕೆ ಇಳಿಸಿದುದರಿಂದ ಬಾಯಿಮಾತಿನ ವಿದ್ಯೆಯು ಬರಹದಲ್ಲಿಯೂ ಉಳಿಯಿತು.

ಶಾಲೆಯಾದುದರ ಇನ್ನೊಂದು ಫಲವೆಂದರೆ ಬಾಗಿಲು ತೆರೆದುದು. 1957ರಲ್ಲಿ ಹೈದರಾಲಿ ಎಂಬ ಮುಸ್ಲಿಂ ಬಾಲಕನು ಕಥಕಳಿ ಹಾಡುಗಾರಿಕೆ ಕಲಿಯಲು ಸೇರಿ ಮುಂದೆ ಪ್ರಸಿದ್ಧ ಗಾಯಕನಾದನು. 1965ರಲ್ಲಿ ಪೈಂಕುಳಂ ರಾಮ ಚಾಕ್ಯಾರರು ಇಲ್ಲಿ ಕೂಡಿಯಾಟ್ಟವನ್ನು ಕಲಿಸತೊಡಗಿದಾಗ, ಒಂದು ಕುಲದ ಸೊತ್ತಾಗಿದ್ದ ಆ ವಿದ್ಯೆಯು ಇತರರಿಗೂ ದೊರೆಯಿತು. ಕೊಡುವುದರಿಂದ ವಿದ್ಯೆ ಬೆಳೆಯಿತೇ ಹೊರತು ಕುಂದಲಿಲ್ಲ.

ಇನ್ನು ನಮ್ಮ ಕಡೆಗೆ ನೋಡೋಣ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಯಕ್ಷಗಾನಕ್ಕೆ ಬಡತನವಿಲ್ಲ. ಬಲ್ಲ ಗುರುಗಳಿದ್ದಾರೆ, ಕಲಿಸುವ ತಾಣಗಳೂ ಇವೆ. ಕೇರಳದ ಶಾಲಾ ಕಲೋತ್ಸವದಲ್ಲಿ ಕಥಕಳಿಯಂತೆ ಯಕ್ಷಗಾನಕ್ಕೂ ಸ್ಥಾನವಿದೆ. ಆದರೆ ಶಾಲೆಗಳಲ್ಲಿ ನಾವು ಮಾಡುವುದೇನು? ಉತ್ಸವ ಹತ್ತಿರವಾದಾಗ ಮಕ್ಕಳನ್ನು ಕೂಡಿಸಿ, ನಾಲ್ಕು ಹೆಜ್ಜೆ ಕುಣಿಸಿ, ಕಿರೀಟ ತೊಡಿಸುತ್ತೇವೆ. ಬಹುಮಾನ ಬಂದರೆ ಹಿಗ್ಗುತ್ತೇವೆ. ಉತ್ಸವ ಮುಗಿದ ಮರುದಿನ ಗೆಜ್ಜೆಯೂ ಮೌನ, ಮಗುವೂ ಮೌನ. ಮುಖ್ಯೋಪಾಧ್ಯಾಯನಾಗಿ ನಾನೂ ಈ ತಪ್ಪಿನಲ್ಲಿ ಪಾಲುಗಾರನೇ.

ವಳ್ಳತ್ತೋಳರಂತಹ ಸಾಹಸ ನಮ್ಮಿಂದಾಗದಿರಬಹುದು. ವಾರಕ್ಕೆರಡು ಗಂಟೆ ವರ್ಷವಿಡೀ ಗುರುವಿನ ಮುಂದೆ ಮಕ್ಕಳನ್ನು ನಿಲ್ಲಿಸುವುದು, ಹಿರಿಯ ಕಲಾವಿದರ ಪಾಠಕ್ರಮವನ್ನು ಅವರಿರುವಾಗಲೇ ಬರೆದಿಟ್ಟುಕೊಳ್ಳುವುದು, ಜಾತಿ ಮತ ನೋಡದೆ ಎಲ್ಲ ಮಕ್ಕಳನ್ನೂ ಕರೆಯುವುದು, ಇಷ್ಟು ನಮ್ಮಿಂದಾದೀತು. ಗಡಿನಾಡಿನ ಮಗುವಿನ ನಾಲಿಗೆಯಲ್ಲಿ ಅಚ್ಚಗನ್ನಡದ ಮಾತು ನಿಲ್ಲಬೇಕಾದರೆ ತಾಳಮದ್ದಳೆಯ ಅರ್ಥಗಾರಿಕೆಗಿಂತ ಒಳ್ಳೆಯ ವ್ಯಾಕರಣ ಪಾಠ ಬೇರೆ ಯಾವುದಿದೆ? ಕಿವಿ ಕೇಳದ ಕವಿಗೆ ತನ್ನ ನಾಡಿನ ಕಲೆಯ ಕೂಗು ಕೇಳಿಸಿತು. ಕಿವಿಯುಳ್ಳ ನಮಗೆ ಅದು ಕೇಳಿಸದಿದ್ದರೆ ದೋಷ ಕಿವಿಯದಲ್ಲ.