ಬಟ್ಟಲು ಮತ್ತು ಪೆಟ್ಟಿಗೆ: ಜಪಾನಿನ ಚಹಾಪಾತ್ರೆಗಳ ಸಂಗ್ರಹದ ಇತಿಹಾಸ

ಕಲಾವಸ್ತುಗಳ ಸಂಗ್ರಹವನ್ನು ಸಿರಿವಂತರ ಹವ್ಯಾಸವೆಂದು ಬಗೆದು, ಇತಿಹಾಸಜ್ಞರು ಸಾಮಾನ್ಯವಾಗಿ ಅದರತ್ತ ಕಣ್ಣು ಹಾಯಿಸುವುದಿಲ್ಲ. ಆದರೆ ಯಾವ ವಸ್ತುವಿನ ಬೆಲೆಯನ್ನು ಯಾರು ನಿರ್ಣಯಿಸಿದರು, ಯಾರ ಹೆಸರು ದಾಖಲೆಯಲ್ಲಿ ಉಳಿಯಿತು, ಯಾರದು ಅಳಿಯಿತು ಎಂಬ ಪ್ರಶ್ನೆಗಳು ಇತಿಹಾಸದವೇ ಆಗಿವೆ. ಜಪಾನಿನ ಚಹಾಬಟ್ಟಲುಗಳ ಸಂಗ್ರಹವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕ್ಯೋಟೋ ನಗರದ ದೈತೋಕು-ಜಿ ವಿಹಾರಕ್ಕೆ ಸೇರಿದ ಕೊಹೋ-ಆನ್ ಎಂಬ ಚಿಕ್ಕ ಮಠದಲ್ಲಿ ಒಂದು ಮಣ್ಣಿನ ಬಟ್ಟಲಿದೆ. ಬಾಯಿಯ ಅಗಲ ಸುಮಾರು 15 ಸೆಂಟಿಮೀಟರು. ಮೈಬಣ್ಣ ಹಳದಿ ಬೆರೆತ ಕಂದು. ಹೊರಮೈಯಲ್ಲಿ ತಿಗರಿಯ ಮೇಲೆ ಕುಂಬಾರನ ಬೆರಳು ಸುತ್ತಿದ ಗೆರೆಗಳು ಸ್ಪಷ್ಟವಾಗಿವೆ. ಪಾದದ ಬಳಿ ಮೆರುಗು ಸರಿಯಾಗಿ ಕರಗದೆ ಹನಿಹನಿಯಾಗಿ ಗಂಟುಗಟ್ಟಿದೆ. ಅಂಚಿನಲ್ಲಿ ಒಡಕನ್ನು ಸರಿಪಡಿಸಿದ ಗುರುತುಗಳಿವೆ. ಇದೇ 'ಕಿಝಾಎಮೋನ್ ಇದೊ' ಎಂಬ ಹೆಸರಿನ ಬಟ್ಟಲು. ಜಪಾನಿನ ಸರಕಾರ ರಾಷ್ಟ್ರೀಯ ನಿಧಿಯೆಂದು ಮನ್ನಿಸಿರುವ ಚಹಾಬಟ್ಟಲುಗಳು ಎಂಟೇ. ಅವುಗಳಲ್ಲಿ ಇದೂ ಒಂದು. ಆ ಎಂಟರಲ್ಲಿ ಐದು ಚೀನಾದವು, ಎರಡು ಮಾತ್ರ ಜಪಾನಿನವು. ಉಳಿದ ಈ ಒಂದು ಕೊರಿಯಾದ್ದು. 16ನೆಯ ಶತಮಾನದಲ್ಲಿ ಇದನ್ನು ಮಾಡಿದ ಕುಂಬಾರನ ಹೆಸರು ಯಾರಿಗೂ ತಿಳಿಯದು. ಕಿಝಾಎಮೋನ್ ಎಂಬುದು ಬಟ್ಟಲನ್ನು ಇರಿಸಿಕೊಂಡಿದ್ದ ಓಸಾಕಾದ ವರ್ತಕನ ಹೆಸರು.

ಪರದೇಶದ ಪಾತ್ರೆಗಳಿಗೆ ಇಷ್ಟು ಮನ್ನಣೆ ಸಂದುದೇಕೆ? 15ನೆಯ ಶತಮಾನದ ಪ್ರಭುಗಳು ಚಹಾಕೂಟದಲ್ಲಿ ಚೀನಾದ ನುಣುಪಾದ ಕಪ್ಪು ಮೆರುಗಿನ ಬಟ್ಟಲುಗಳನ್ನೇ ಮೆರೆಸುತ್ತಿದ್ದರು. 1502ರಲ್ಲಿ ನಿಧನನಾದ ಮುರಾತಾ ಜುಕೋ ಒರಟಾದ ದೇಶೀಯ ಪಾತ್ರೆಗಳಿಗೂ ಎಡೆಮಾಡಿಕೊಟ್ಟನು. ಆ ಅಭಿರುಚಿಯನ್ನು ಪರಾಕಾಷ್ಠೆಗೆ ಒಯ್ದವನು ಸೆನ್ ನೊ ರಿಕ್ಯು (1522–1591). ಚೋಜಿರೋ ಎಂಬ ಕುಶಲಿಯಿಂದ ತಿಗರಿಯಿಲ್ಲದೆ ಕೈಯಿಂದಲೇ ತಿದ್ದಿದ, ಅಲಂಕಾರವಿಲ್ಲದ ಕಪ್ಪು ಮತ್ತು ಕೆಂಪು ಬಟ್ಟಲುಗಳನ್ನು ಅವನು ಮಾಡಿಸಿದನು. ಇಂದು 'ರಾಕು' ಎಂದು ಪ್ರಸಿದ್ಧವಾದವು ಇವೇ.

ಇದನ್ನು ಕೇವಲ ವಿರಕ್ತಿಯ ಸೌಂದರ್ಯವೆಂದು ಕೊಂಡಾಡುವ ವಾಡಿಕೆಯುಂಟು. ನಮಗೆ ಆ ಮಾತು ಪೂರ್ಣವಾಗಿ ಒಪ್ಪಿಗೆಯಾಗದು. ರಿಕ್ಯು ಸೇವೆ ಸಲ್ಲಿಸಿದುದು ಓದಾ ನೊಬುನಾಗನಿಗೆ, ಅನಂತರ ತೊಯೊತೊಮಿ ಹಿದೆಯೊಶಿಗೆ. ನೊಬುನಾಗನು ಖ್ಯಾತವಾದ ಚಹಾಪಾತ್ರೆಗಳನ್ನು ಗೆದ್ದ ಪಟ್ಟಣಗಳಿಂದಲೂ ಶರಣಾದ ಸಾಮಂತರಿಂದಲೂ ಒತ್ತಾಯವಾಗಿ ಕೂಡಿಸಿ, ಪರಾಕ್ರಮ ತೋರಿದ ಸೇನಾನಿಗಳಿಗೆ ಭೂಮಿಯ ಬದಲು ಅವನ್ನೇ ಉಂಬಳಿಯಂತೆ ದಯಪಾಲಿಸುತ್ತಿದ್ದನು. ಹಿದೆಯೊಶಿಯಾದರೋ 1587ರಲ್ಲಿ ಕಿತಾನೊದಲ್ಲಿ ಮಹಾ ಚಹಾಕೂಟವನ್ನು ನೆರೆಸಿ ತನ್ನ ಭಂಡಾರವನ್ನು ಪ್ರಜೆಗಳ ಕಣ್ಣೆದುರು ಹರಡಿದನು. ನಾಲ್ಕು ವರ್ಷಗಳ ತರುವಾಯ ಅವನ ಆಜ್ಞೆಯಂತೆಯೇ ರಿಕ್ಯು ಹೊಟ್ಟೆ ಸೀಳಿಕೊಂಡು ಸಾಯಬೇಕಾಯಿತು. ಸರಳವಾದ ಬಟ್ಟಲು ರಾಜ್ಯಾಧಿಕಾರದ ಲಾಂಛನವೂ ಆಗಿದ್ದಿತು.

ಇಂತಹ ಬಟ್ಟಲಿನ ಬೆಲೆ ಅದರಲ್ಲಿ ಮಾತ್ರವೇ ಇರುವುದಿಲ್ಲ. ಅದನ್ನಿಡುವ ಮರದ ಪೆಟ್ಟಿಗೆಯಲ್ಲಿಯೂ ಇದೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಚಹಾಗುರುವೋ ಹಿಂದಿನ ಒಡೆಯನೋ ಬಟ್ಟಲಿನ ಹೆಸರನ್ನು ಮಸಿಯಿಂದ ಬರೆಯುತ್ತಾನೆ. ಒಡೆಯರು ಬದಲಾದಂತೆ ಹಳೆಯ ಪೆಟ್ಟಿಗೆಯನ್ನು ಹೊಸದೊಂದು ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದೂ ಉಂಟು. ಇತ್ತೀಚಿನ ಕಾಲದಲ್ಲಿ ಕುಂಬಾರನೇ ತನ್ನ ರುಜುವನ್ನು ಹಾಕಿ ಪೆಟ್ಟಿಗೆಯೊಡನೆ ಮಾರುವ ಪದ್ಧತಿ ಬಂದಿದೆ. ಅದನ್ನು ಕಳೆದುಕೊಂಡ ಬಟ್ಟಲಿನ ಬೆಲೆ ಕುಗ್ಗುತ್ತದೆ. ನಮ್ಮಂತಹ ಶಾಸನಾಭ್ಯಾಸಿಗಳಿಗೆ ಈ ಮುಚ್ಚಳಗಳು ದಾನಪತ್ರಗಳಂತೆ ತೋರಿದರೆ ಆಶ್ಚರ್ಯವಿಲ್ಲ: ಒಡೆತನದ ಪರಂಪರೆ ಅಲ್ಲಿ ಚೆನ್ನಾಗಿ ನಮೂದಾಗಿರುತ್ತದೆ, ದುಡಿದವನ ಹೆಸರು ಇರುವುದು ಅಪರೂಪ.

ಕಿಝಾಎಮೋನನ ಬಟ್ಟಲು ಹೋಂಡಾ ಮನೆತನದ ಪ್ರಭುವಿಗೂ ಸಕಾಯಿ ಪಟ್ಟಣದ ಚಹಾಪ್ರಿಯ ನಕಾಮುರಾ ಸೋಸೆತ್ಸುವಿಗೂ ದಾಟಿ, 1775ರಲ್ಲಿ ಮಾತ್ಸುಎ ಸಂಸ್ಥಾನದ ದೊರೆ ಮಾತ್ಸುದೈರಾ ಫುಮಾಯ್ (1751–1818) ಕೈಸೇರಿತು. ಅವನು ಇತ್ತ ಬೆಲೆ 550 ರ್ಯೋ, ಅಂದರೆ ಅಷ್ಟು ಚಿನ್ನದ ನಾಣ್ಯಗಳು. ಫುಮಾಯ್ ಬರಿಯ ಸಂಗ್ರಾಹಕನಲ್ಲ. ಹೆಸರಾಂತ ಚಹಾಪಾತ್ರೆಗಳನ್ನು ವರ್ಗೀಕರಿಸಿ 18 ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದ ವಿದ್ವಾಂಸ. ಈ ಬಟ್ಟಲನ್ನು ಇಟ್ಟುಕೊಂಡವರಿಗೆ ಮೈತುಂಬ ಹುಣ್ಣೇಳುವುದೆಂಬ ಐತಿಹ್ಯವಿದ್ದಿತು. ಪತ್ನಿ ಬೇಡಿಕೊಂಡರೂ ಅವನು ಅದನ್ನು ಬಿಟ್ಟುಕೊಡಲಿಲ್ಲವಂತೆ. ಅವನು ತೀರಿಕೊಂಡ ಮೇಲೆ ಮನೆಯವರು ಅದನ್ನು ಕೊಹೋ-ಆನ್ ಮಠಕ್ಕೆ ಒಪ್ಪಿಸಿದರು.

1931ರಲ್ಲಿ ಯಾನಾಗಿ ಸೋಎತ್ಸು (1889–1961) ಈ ಬಟ್ಟಲನ್ನು ಕಂಡನು. ಪೆಟ್ಟಿಗೆಯೊಳಗಿನ ಪೆಟ್ಟಿಗೆಗಳನ್ನು ತೆರೆದು ಹೊರತೆಗೆದಾಗ ಅವನಿಗೆ ಕಂಡುದು ಬಡವರು ಬಳಸುವ ಅತಿಸಾಮಾನ್ಯವಾದ ಊಟದ ಬಟ್ಟಲು. ಅನಾಮಿಕನ ನಿರಹಂಕಾರದಿಂದಲೇ ಅದರ ಚೆಲುವು ಹುಟ್ಟಿತೆಂಬುದು ಅವನ ಸಿದ್ಧಾಂತ. ಊಟದ ಬಟ್ಟಲೆಂಬುದನ್ನು ವಿದ್ವಾಂಸರೆಲ್ಲರೂ ಒಪ್ಪಿಲ್ಲ. ಪೂಜೆಯ ಪಾತ್ರೆಯಾಗಿದ್ದಿರಬಹುದೆಂಬ ವಾದವೂ ಇದೆ. ನಮಗೆ ತೋರುವ ತೊಡಕು ಬೇರೆ. ಕುಂಬಾರನು ಅನಾಮಿಕನಾದದ್ದು ತನ್ನ ಇಚ್ಛೆಯಿಂದಲೆ? ಅವನ ಹೆಸರನ್ನು ಕೇಳುವವರಿರಲಿಲ್ಲ, ಅಷ್ಟೆ. ಯಾನಾಗಿ ಕೊರಿಯಾದ ಜನರ ಪರವಾಗಿ ವಸಾಹತು ಆಡಳಿತದ ವಿರುದ್ಧ ಬರೆದವನು, 1924ರಲ್ಲಿ ಅಸಾಕಾವಾ ತಾಕುಮಿಯೊಡನೆ ಸಿಯೋಲಿನಲ್ಲಿ ಕೊರಿಯಾದ ಜನಪದ ಕಲೆಗಾಗಿ ಸಂಗ್ರಹಾಲಯವನ್ನು ತೆರೆದವನು ಎಂಬುದನ್ನು ನೆನೆದು ಈ ಆಕ್ಷೇಪವನ್ನು ಸಂಕೋಚದಿಂದಲೇ ಎತ್ತುತ್ತಿದ್ದೇವೆ.

ಹೆಸರು ಉಳಿದ ಕುಂಬಾರರ ಕಥೆ ಇನ್ನೂ ಕಠೋರವಾದುದು. 1592ರಿಂದ 1598ರವರೆಗೆ ಹಿದೆಯೊಶಿಯ ಸೇನೆಗಳು ಕೊರಿಯಾದ ಮೇಲೆ ದಂಡೆತ್ತಿಹೋದಾಗ, ಪಶ್ಚಿಮ ಜಪಾನಿನ ಸಾಮಂತರು ಅಲ್ಲಿನ ಕುಂಬಾರರನ್ನು ಸೆರೆಹಿಡಿದು ತಂದರು. ಅರಿತಾದ ಪಿಂಗಾಣಿ, ಹಾಗಿಯ ಮೆದುಮಣ್ಣಿನ ಬಟ್ಟಲುಗಳು ಅವರ ಕೈಕೆಲಸದಿಂದ ಬೆಳೆದವು. ಕರಾತ್ಸುವಿನ ಆವಿಗೆಗಳಲ್ಲಿ ಮೊದಲೇ ಕೊರಿಯಾದ ಪದ್ಧತಿಯಿದ್ದರೂ ಯುದ್ಧಾನಂತರವೇ ಅವು ಹೆಚ್ಚಿದುವು. ಹಾಗಿಯಲ್ಲಿ ಯಿ ಗ್ಯೊಂಗ್ ಎಂಬವನು ಮೋರಿ ಪ್ರಭುಗಳಿಂದ ಸಾಕಾ ಕೊರಾಯ್‌ಝಾಎಮೋನ್ ಎಂಬ ಹೆಸರನ್ನು ಪಡೆದನು. 'ಕೊರಾಯ್' ಎಂದರೆ ಕೊರಿಯಾ. ಸತ್ಸುಮಾದ ನಾಎಶಿರೋಗಾವಾ ಎಂಬ ಹಳ್ಳಿಯಲ್ಲಿ ನೆಲೆಗೊಳಿಸಿದ ಕುಂಬಾರರು ತಮ್ಮ ಉಡುಪನ್ನೂ ನುಡಿಯನ್ನೂ ಹೆಸರನ್ನೂ ಬಿಡಬಾರದೆಂದು ಅಲ್ಲಿನ ಪ್ರಭುಗಳು ವಿಧಿಸಿದರು. ಆ ಊರಿನವರು ತಮ್ಮ ಮೂಲಪುರುಷ ದಾಂಗುನ್‌ನಿಗೆ ಗುಡಿ ಕಟ್ಟಿಕೊಂಡರು.

ಚಹಾಪ್ರಿಯರು ಇಂದಿಗೂ ಬಟ್ಟಲುಗಳನ್ನು ರಾಕು ಮೊದಲು, ಹಾಗಿ ಎರಡನೆಯದು, ಕರಾತ್ಸು ಮೂರನೆಯದು ಎಂದು ಎಣಿಸುತ್ತಾರೆ. ಮೂರರಲ್ಲಿ ಎರಡಕ್ಕೆ ಕೊರಿಯಾದ ಕುಂಬಾರಿಕೆಯೇ ತಾಯಿಬೇರು. ಅಕ್ಕಿಮದ್ಯ ಕುಡಿಯುವ ಪುಟ್ಟ ಬಟ್ಟಲುಗಳನ್ನು ಕೂಡಿಡುವವರಿಗೂ ಹಳೆಯ ಕರಾತ್ಸುವೇ ಪ್ರಿಯ. ಅವುಗಳಲ್ಲಿ ಎಷ್ಟೋ ಮೊದಲು ಊಟದಲ್ಲಿ ವ್ಯಂಜನ ಬಡಿಸುವ ಸಣ್ಣ ಪಾತ್ರೆಗಳಾಗಿದ್ದು, ಸಂಗ್ರಾಹಕರ ಕಣ್ಣಿಗೆ ಬಿದ್ದು ಮದ್ಯದ ಬಟ್ಟಲುಗಳಾದವು. ಇದೊ ಬಟ್ಟಲಿಗೂ ಇದೇ ಗತಿಯಾಗಿದ್ದಿತಷ್ಟೆ.

ತಾಕುಮಿಯ ಅಣ್ಣ ಅಸಾಕಾವಾ ನೊರಿತಾಕಾ ಕೊರಿಯಾದ ಉದ್ದಗಲ ತಿರುಗಿ, ನೂರಾರು ಹಳೆಯ ಆವಿಗೆಗಳನ್ನು ಗುರುತಿಸಿ ಅಲ್ಲಿ ಬಿದ್ದ ಚೂರುಗಳನ್ನು ಆಯ್ದನು. ಪೆಟ್ಟಿಗೆಯ ಬರಹಕ್ಕಿಂತ ಆ ಚೂರುಗಳನ್ನು ನಾವು ಹೆಚ್ಚು ನಂಬುತ್ತೇವೆ. ಇದೊವನ್ನು ಹೋಲುವ ಚೂರುಗಳು ಆ ದೇಶದ ದಕ್ಷಿಣ ಕರಾವಳಿಯ ಉಂಗ್‌ಚಾನ್ ಬಳಿಯ ಆವಿಗೆಗಳಲ್ಲಿ ದೊರೆತಿವೆ. ಅದೇ ಉಂಗ್‌ಚಾನಿನಲ್ಲಿ, ಸಮುದ್ರಕ್ಕೆ ಮುಖಮಾಡಿದ ಬೆಟ್ಟದ ಮೇಲೆ, ಹಿದೆಯೊಶಿಯ ಸೇನಾನಿ ಕೊನಿಶಿ ಯುಕಿನಾಗ ಬೀಡುಬಿಟ್ಟಿದ್ದ ಕೋಟೆಯ ಕಲ್ಲುಗೋಡೆಗಳು ಇನ್ನೂ ಉಳಿದಿವೆ.