ಎದೆನೋವು ಹೃದಯದ್ದಲ್ಲವೇ? ಅನ್ನನಾಳದ ಸ್ನಾಯುಗಳೂ ಕಾರಣವಾಗಿರಬಹುದು

ಎದೆಯ ನಡುವೆ ಹಿಂಡಿದಂಥ ನೋವು. ಕೆಲವೊಮ್ಮೆ ಅದು ಕುತ್ತಿಗೆ, ದವಡೆ, ಬೆನ್ನಿಗೂ ಹರಡುತ್ತದೆ. ಪರೀಕ್ಷೆಗಳೆಲ್ಲ ಮುಗಿದು ‘ಹೃದಯಕ್ಕೆ ಏನೂ ಆಗಿಲ್ಲ’ ಎಂದು ವೈದ್ಯರು ಹೇಳಿದ ಮೇಲೆ ‘ಹಾಗಾದ್ರೆ ಬರೀ ಗ್ಯಾಸ್ಟ್ರಿಕ್’ ಎಂದು ನಾವು ಸುಮ್ಮನಾಗುತ್ತೇವೆ. ಆದರೂ ನೋವು ಮತ್ತೆ ಮತ್ತೆ ಬರುತ್ತಿದ್ದರೆ ಅದಕ್ಕೆ ಅನ್ನನಾಳದ ಸ್ನಾಯುಗಳ ತೊಂದರೆ ಕಾರಣವಾಗಿರಬಹುದು.

ಅನ್ನನಾಳದಲ್ಲಿ ಏನಾಗುತ್ತದೆ?

ಅನ್ನನಾಳ ಸುಮಾರು 25 ಸೆಂ.ಮೀ. ಉದ್ದದ ಸ್ನಾಯುವಿನ ಕೊಳವೆ. ನಾವು ನುಂಗಿದ ತುತ್ತನ್ನು ಈ ಸ್ನಾಯುಗಳು ಮೇಲಿನಿಂದ ಕೆಳಕ್ಕೆ ಅಲೆಯಂತೆ ಒತ್ತುತ್ತಾ ಹೊಟ್ಟೆಗೆ ತಲುಪಿಸುತ್ತವೆ. ಈ ಕ್ರಮ ಮೂರು ರೀತಿಯಲ್ಲಿ ತಪ್ಪಬಹುದು:

- ಸೆಳೆತ: ಸ್ನಾಯುಗಳು ಸಾಲಾಗಿ ಕೆಲಸ ಮಾಡದೆ, ಹೊತ್ತಲ್ಲದ ಹೊತ್ತಿನಲ್ಲಿ ಹಿಂಡುತ್ತವೆ.
- ಅತಿ ಬಿಗಿತ: ಅಲೆ ಕ್ರಮವಾಗಿಯೇ ಸಾಗುತ್ತದೆ, ಆದರೆ ಒತ್ತಡ ವಿಪರೀತ. ಇದನ್ನು ‘ಜಾಕ್‌ಹ್ಯಾಮರ್ ಅನ್ನನಾಳ’ ಎನ್ನುತ್ತಾರೆ.
- ಅಕಲೇಸಿಯಾ: ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗುವುದಿಲ್ಲ. ತಿಂದದ್ದು, ಕುಡಿದದ್ದು ಮೇಲೆಯೇ ನಿಲ್ಲುತ್ತದೆ.

ಹೃದಯದ ನೋವಿನಂತೆ ಏಕೆ ಅನ್ನಿಸುತ್ತದೆ?

ಅನ್ನನಾಳ ಹೃದಯದ ಹಿಂದೆಯೇ ಹಾದುಹೋಗುತ್ತದೆ. ಎರಡರ ನೋವಿನ ಸಂದೇಶವೂ ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಭಾಗವನ್ನು ಸೇರುವುದರಿಂದ ನೋವು ಎಲ್ಲಿಂದ ಬಂತು ಎಂದು ಮಿದುಳಿಗೆ ಸ್ಪಷ್ಟವಾಗುವುದಿಲ್ಲ.

ಮಾತ್ರೆಗೆ ನೋವು ಇಳಿದರೆ ಕಾರಣ ತಿಳಿಯಿತೇ?

ಇಲ್ಲ. ನಾಲಗೆ ಕೆಳಗಿಡುವ ನೈಟ್ರೇಟ್ ಮಾತ್ರೆ ರಕ್ತನಾಳಗಳನ್ನು ಮಾತ್ರವಲ್ಲ, ಅನ್ನನಾಳದ ಸ್ನಾಯುಗಳನ್ನೂ ಸಡಿಲಿಸುತ್ತದೆ. ಹಾಗೆಯೇ ಸೋಡಾ ಕುಡಿದು ತೇಗು ಬಂದ ಮೇಲೆ ನೋವು ಕಡಿಮೆಯಾಯಿತೆಂದರೆ ಹೃದಯ ಸರಿಯಿದೆ ಎಂದು ಅರ್ಥವಲ್ಲ. ಹೊಸದಾಗಿ ಎದೆನೋವು ಬಂದರೆ, ಜೊತೆಗೆ ಬೆವರು, ಉಸಿರಾಟದ ತೊಂದರೆ, ತಲೆಸುತ್ತು ಇದ್ದರಂತೂ ಕಾಯಬೇಡಿ. 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಇಸಿಜಿ ಮತ್ತು ಟ್ರೋಪೋನಿನ್ ರಕ್ತಪರೀಕ್ಷೆ ಮೊದಲು, ಅನ್ನನಾಳದ ವಿಚಾರ ಆಮೇಲೆ.

ಪತ್ತೆ ಮತ್ತು ಚಿಕಿತ್ಸೆ

ಹೃದಯದ ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ವೈದ್ಯರು ಸಾಮಾನ್ಯವಾಗಿ ಮೊದಲು ಆಸಿಡ್ ರಿಫ್ಲಕ್ಸ್‌ಗೆ ಚಿಕಿತ್ಸೆ ಕೊಡುತ್ತಾರೆ. ಏಕೆಂದರೆ ಸ್ನಾಯುಗಳ ತೊಂದರೆಗಿಂತ ಅದೇ ಹೆಚ್ಚು ಸಾಮಾನ್ಯ. ಅದರಿಂದ ಗುಣ ಕಾಣದಿದ್ದರೆ ಎಂಡೋಸ್ಕೋಪಿ, ಬೇರಿಯಂ ಎಕ್ಸ್-ರೇ ಮಾಡಿಸಬೇಕಾಗಬಹುದು. ಸ್ನಾಯುಗಳ ಒತ್ತಡವನ್ನು ನೇರವಾಗಿ ಅಳೆಯುವ ಪರೀಕ್ಷೆ ಮ್ಯಾನೊಮೆಟ್ರಿ. ಮೂಗಿನ ಮೂಲಕ ತೆಳು ಕೊಳವೆ ಇಳಿಸಿ, ಗುಟುಕು ಗುಟುಕಾಗಿ ನೀರು ಕುಡಿಸುತ್ತಾ ಇದನ್ನು ಮಾಡುತ್ತಾರೆ.

ಸೆಳೆತಕ್ಕೆ ಸ್ನಾಯು ಸಡಿಲಿಸುವ ಔಷಧಿಗಳಿವೆ. ಅಕಲೇಸಿಯಾದಲ್ಲಿ ಬಿಗಿದ ಭಾಗವನ್ನು ಬಲೂನಿನಿಂದ ಹಿಗ್ಗಿಸುತ್ತಾರೆ ಅಥವಾ ಶಸ್ತ್ರಚಿಕಿತ್ಸೆ ಮಾಡಿ ಸ್ನಾಯುವನ್ನು ಕತ್ತರಿಸುತ್ತಾರೆ.

ವೈದ್ಯರಿಗೆ ಏನು ಹೇಳಬೇಕು?

ಊಟ ಗಂಟಲಿನಿಂದ ಕೆಳಗೆ ಇಳಿಯದಂತಾಗುತ್ತದೆಯೇ? ನೀರು ಕುಡಿಯುವಾಗಲೂ ಸಿಕ್ಕಿಕೊಳ್ಳುತ್ತದೆಯೇ? ತಿಂದದ್ದು ಬಾಯಿಗೆ ಮರಳುತ್ತದೆಯೇ? ತೂಕ ಇಳಿದಿದೆಯೇ? ತುಂಬ ತಣ್ಣಗಿನ ಅಥವಾ ಬಿಸಿ ಪದಾರ್ಥದಿಂದ ನೋವು ಶುರುವಾಗುತ್ತದೆಯೇ? ಇವನ್ನು ಕೇಳುವ ಮೊದಲೇ ಹೇಳಿ. ‘ಬರೀ ಗ್ಯಾಸ್ಟ್ರಿಕ್’ ಎಂದಷ್ಟೇ ಹೇಳಿದರೆ ಕಾರಣ ಪತ್ತೆಯಾಗುವುದು ತಡವಾಗುತ್ತದೆ.