ಹಿಮ್ಮೇಳ: ಅಂದು ಮತ್ತು ಇಂದು



ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಬೆಳೆದವರಿಗೆ ‘ಹಿಮ್ಮೇಳ’ವೆಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಭಾಗವತರು, ಮದ್ದಳೆ, ಚಂಡೆಗಳು ಕೂಡಿದ್ದೇ ಹಿಮ್ಮೇಳ, ವೇಷಧಾರಿಗಳದು ಮುಮ್ಮೇಳ. ಇಂದು ಗೀತಗಾಯನದ ಅನೇಕ ವೇದಿಕೆಗಳಲ್ಲಿ ಹಿಮ್ಮೇಳದ ಸ್ಥಾನಕ್ಕೆ ಮೊದಲೇ ಧ್ವನಿಮುದ್ರಿಸಿದ ‘ಟ್ರ್ಯಾಕ್’ ಬಂದಿದೆ. ಇದು ಗ್ರಾಹ್ಯವೋ ತ್ಯಾಜ್ಯವೋ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಉಚಿತ.

ಸಂಗೀತಕ್ಕೆ ಯಂತ್ರದ ನೆರವು ಹೊಸತಲ್ಲ. ಯಕ್ಷಗಾನದಲ್ಲಿ ಶ್ರುತಿಗಾಗಿ ಮೊದಲು ಸೋರೆಬುರುಡೆಯ ಪುಂಗಿಯಿತ್ತು. ಅನಂತರ ಹಾರ್ಮೋನಿಯಂ ಬಂದಿತು. ಯೂರೋಪಿನ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ನುಡಿಸುವಂತೆ 1875ರಲ್ಲಿ ಮಾರ್ಪಡಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷರು. ಅದರ ಸ್ಥಿರಸ್ವರಗಳು ನಮ್ಮ ಗಮಕಗಳಿಗೆ ಒಗ್ಗವೆಂಬ ಆಕ್ಷೇಪದಿಂದ ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಮುಂದೆ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಶ್ರುತಿಯು ಆದ್ಯಂತ ಅಚಲವಾಗಿರಬೇಕಾದುದು. ಆದುದರಿಂದ ಅದನ್ನು ಯಂತ್ರಕ್ಕೊಪ್ಪಿಸಿದರೆ ಹಾನಿಯಿಲ್ಲ.

ಟ್ರ್ಯಾಕಿನ ವಿಚಾರವು ಬೇರೆ. ಜಪಾನಿನ ಕೋಬೆ ನಗರದ ವಾದಕ ಇನೌಎ ದೈಸುಕೆಯು 1971ರಲ್ಲಿ, ಜನರು ತಾವೇ ಹಾಡಿಕೊಳ್ಳಲೆಂದು ಬರಿಯ ವಾದ್ಯಸಂಗೀತವನ್ನು ಕೇಳಿಸುವ ಯಂತ್ರವನ್ನು ಬಳಕೆಗೆ ತಂದನು. ಅದೇ ‘ಕರಾಓಕೆ’, ಬರಿದಾದ ವಾದ್ಯವೃಂದವೆಂದು ಅದರ ಅರ್ಥ. ಟ್ರ್ಯಾಕನ್ನು ಸಿದ್ಧಪಡಿಸುವವರು ಮೊದಲು ಶ್ರುತಿ, ಲಯಗಳನ್ನು ಗೊತ್ತುಮಾಡಿ, ತಬಲ, ಕೊಳಲು ಮುಂತಾದವನ್ನು ಬೇರೆಬೇರೆಯಾಗಿ ಮುದ್ರಿಸಿ, ಹದವಾಗಿ ಬೆರೆಸಿ, ಗಾಯಕನ ಸ್ಥಾನವನ್ನು ಮಾತ್ರ ತೆರವಾಗಿಡುತ್ತಾರೆ. ಧ್ವನಿಸುರುಳಿಯ ಕಾಲದಲ್ಲಿ ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತಿತ್ತು. ಗಣಕಯಂತ್ರವು ಇವೆರಡನ್ನೂ ಬೇರ್ಪಡಿಸಿಕೊಟ್ಟಿದೆ. ಆದರೂ ಗಾಯಕನು ಭಾವವಶನಾಗಿ ಕ್ಷಣಕಾಲ ನಿಂತರೆ ಟ್ರ್ಯಾಕು ನಿಲ್ಲದು.

ಯಕ್ಷಗಾನದ ಹಿಮ್ಮೇಳವಾದರೋ ಹಾಗಲ್ಲ. ವೇಷಧಾರಿಯ ಕುಣಿತ ರಂಗೇರಿದರೆ ಭಾಗವತರು ಪದದ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಅವರ ತಾಳವನ್ನರಿತು ಮದ್ದಳೆ ಹಿಂಬಾಲಿಸುತ್ತದೆ. ಪರಸ್ಪರ ಆಲಿಸುವ ಗುಣವೇ ಹಿಮ್ಮೇಳದ ಪ್ರಾಣ. ಟ್ರ್ಯಾಕು ನುಡಿಯಬಲ್ಲದು, ಆಲಿಸಲಾರದು.

ಹಾಗೆಂದು ಅದನ್ನು ಹಳಿಯುವುದು ನ್ಯಾಯವಲ್ಲ. ವಾದಕರು ದೊರೆಯದ ಹಳ್ಳಿಯಲ್ಲಿ ಹಾಡುವ ಮಗುವಿಗೆ ಅದು ಧೈರ್ಯ ಕೊಡುತ್ತದೆ. ಮನೆಯ ಅಭ್ಯಾಸಕ್ಕೂ ಒದಗುತ್ತದೆ. ಆದರೆ ಪ್ರತಿ ವೇದಿಕೆಯಲ್ಲೂ ಅದೇ ಸಾಕೆಂದರೆ, ಮದ್ದಳೆ ತಬಲಗಳನ್ನು ಕಲಿತ ಬಾಲಕನು ಯಾರ ಹಾಡಿಗೆ ನುಡಿಸಬೇಕು? ಮಹಾಶಯರೇ, ನಿಮ್ಮೂರಿನ ಸಮಾರಂಭದಲ್ಲಿ ಶ್ರುತಿಯು ಯಂತ್ರದ್ದಿರಲಿ. ತಾಳಕ್ಕಾದರೂ ಒಬ್ಬ ಮನುಷ್ಯನನ್ನು ಕೂರಿಸಿರಿ.